ಆಲ್ಫ್ರೆಡ್ ಪಾಯ್ಸರ ಮೂಗು

ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ಮಗಳ ಮನೆಗೆ ಬಂದ ಮೂರನೆಯ ದಿನ, ಒಣಗಿದ ಸೀರೆ ತೆಗೆಯಲು ಬಾಲ್ಕನಿಗೆ ಹೋದ ಚಂದ್ರಮ್ಮ ಪಕ್ಕದ ಬಾಲ್ಕನಿಯಲ್ಲಿ ಒಬ್ಬರು ರಕ್ತ ಕಾರುವುದನ್ನು ಕಂಡರು. ಅರವತ್ತು ದಾಟಿದ ಗಂಡಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸ್ಟೀಲಿನ ಚೊಂಬು. ಬಗ್ಗಿ ಚೊಂಬಿನೊಳಕ್ಕೆ ಕೆಂಪಗೆ ಉಗಿದರು, ತುಟಿ ಒರೆಸಿಕೊಂಡರು, ಮರೆತ ಹೆಸರೊಂದನ್ನು ನೆನಪಿಸಿಕೊಳ್ಳುವವರ ಹಾಗೆ ಆಕಾಶ ನೋಡಿದರು. ಆಮೇಲೆ ಮತ್ತೆ ಉಗಿದರು.

ಅರಸೀಕೆರೆಯಲ್ಲಿ ಚಂದ್ರಮ್ಮನ ಮಾವ ಕ್ಷಯದಿಂದ ಹೀಗೇ ಕಾರಿಕೊಂಡು ಹೋದವರು. ಮನೆಯಲ್ಲಿ ಮಗಳಿಲ್ಲ, ಅಳಿಯನಿಲ್ಲ, ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಒಂದು ಲೋಟ ನೀರು, ಒಂದು ಒದ್ದೆ ಟವೆಲು ಹಿಡಿದುಕೊಂಡು ಓಡಿ ಪಕ್ಕದ ಮನೆಯ ಬಾಗಿಲು ಬಡಿದರು. ಬಾಗಿಲು ತೆಗೆದ ಹೆಂಗಸಿಗೆ ಯಾವ ಭಾಷೆ ಬರುತ್ತದೋ ಎಂದು ಯೋಚಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

"ನಿಮ್ಮ ಯಜಮಾನ್ರು ಅಲ್ಲಿ ರಕ್ತ ಕಾರ್ತಾ ಅವ್ರೆ ಕಣಮ್ಮ! ಸುಮ್ನೆ ನಿಂತಿದ್ದೀಯಲ್ಲ, ಡಾಕ್ಟ್ರನ್ನ ಕರಿ!"

ಆ ಹೆಂಗಸು ಒಂದು ಗಳಿಗೆ ಬಾಯಿ ಬಿಟ್ಟು ನೋಡಿತು. ಕನ್ನಡ ಕೇಳಿದ ಆಶ್ಚರ್ಯ ಒಂದು, ವಿಷಯ ಕೇಳಿದ ಆಶ್ಚರ್ಯ ಇನ್ನೊಂದು. ಆಮೇಲೆ ಚಪ್ಪಲಿ ಇಡುವ ಪೆಟ್ಟಿಗೆಯ ಮೇಲೆ ಕುಸಿದು ಕೂತು ನಗತೊಡಗಿತು.

"ರಕ್ತ ಅಲ್ಲ ಮಾರಾಯ್ರೇ, ವೈನು! ದುಡ್ಡು ಕೊಟ್ಟು ತರುವುದು, ಬಾಯಿಗೆ ಹಾಕುವುದು, ಉಗಿಯುವುದು. ನುಂಗಿದ್ರೆ ನನಗೂ ಒಂದು ಸಮಾಧಾನ ಇರ್ತಿತ್ತು."

"ಯಾರದು ಟ್ರೀಸಾ?" ಎಂದು ಒಳಗಿನಿಂದ ದನಿ ಬಂತು.

"ನಿಮ್ಮನ್ನು ಆಸ್ಪತ್ರೆಗೆ ಸೇರಿಸ್ಲಿಕ್ಕೆ ಬಂದಿದ್ದಾರೆ, ಹೊರಡಿ."

ಚೊಂಬು ಹಿಡಿದೇ ಹೊರಗೆ ಬಂದ ಗಂಡಸು ಚಂದ್ರಮ್ಮನ ಕೈಯ ಲೋಟವನ್ನೂ ಟವೆಲನ್ನೂ ನೋಡಿದರು. ನಗಲಿಲ್ಲ. ಚೊಂಬು ಕೆಳಗಿಟ್ಟು, ಎರಡೂ ಕೈಯಿಂದ ಲೋಟ ತೆಗೆದುಕೊಂಡು, ತಂದ ನೀರನ್ನು ಪೂರ್ತಿ ಕುಡಿದರು. "ಬಾಯಿ ತೊಳೆಯಲಿಕ್ಕೆ ನೀರು ಬೇಕೇ ಇತ್ತಮ್ಮ" ಎಂದರು. ಅವರೇ ಆಲ್ಫ್ರೆಡ್ ಪಾಯ್ಸ್.

ಅಂದಿನಿಂದ ಮಧ್ಯಾಹ್ನದ ಹೊತ್ತು ಚಂದ್ರಮ್ಮ ಆ ಮನೆಯಲ್ಲಿ ಹೋಗಿ ಕೂರುವುದು ರೂಢಿಯಾಯಿತು. ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಪಕ್ಕದ ಮನೆಯಲ್ಲಾದರೆ ಗಂಡ ಹೆಂಡತಿ ತಮ್ಮತಮ್ಮಲ್ಲಿ ಕೊಂಕಣಿ ಆಡಿದರೂ, ಚಂದ್ರಮ್ಮ ಹೊಸಿಲು ದಾಟಿದೊಡನೆ ಮಂಗಳೂರ ಕನ್ನಡಕ್ಕೆ ತಿರುಗುತ್ತಿದ್ದರು. ಹೆಂಡದ ಮನೆಗೆ ಹೋಗುತ್ತೀಯಲ್ಲ ಎಂದು ಮಗಳು ಒಮ್ಮೆ ಚೇಷ್ಟೆ ಮಾಡಿದಳು. ಕುಡಿದು ಉರುಳಿದ ಗಂಡಸರನ್ನು ಚಂದ್ರಮ್ಮ ತಮ್ಮ ಎಪ್ಪತ್ತೆರಡು ವರ್ಷದಲ್ಲಿ ಬೇಕಾದಷ್ಟು ಕಂಡಿದ್ದರು. ಹೆಂಡವನ್ನು ಬಾಯಿಗಿಟ್ಟು ಉಗಿಯುವ ಗಂಡಸನ್ನು ಕಂಡದ್ದು ಇದೇ ಮೊದಲು. "ಅವ್ರು ಕುಡುಕ್ರಲ್ಲ ಕಣೇ, ಪರೀಕ್ಷೆ ಮಾಡೋರು" ಎಂದು ಮಗಳ ಬಾಯಿ ಮುಚ್ಚಿಸಿದರು.

ಆಲ್ಫ್ರೆಡ್ ಕಿನ್ನಿಗೋಳಿಯ ಕಡೆಯವರು. ತಂದೆ ಹೆಂಚಿನ ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತರಾಗಿದ್ದರು. ಕ್ರಿಸ್‌ಮಸ್ಸಿಗೆ ತಾಯಿ ಉಪ್ಪಿನಕಾಯಿ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ವೈನ್ ಇಡುತ್ತಿದ್ದರಂತೆ. ಎಲ್ಲರೂ ಚೆನ್ನಾಗಿದೆ ಅಂದರೆ ಚಿಕ್ಕ ಆಲ್ಫ್ರೆಡ್ ಮಾತ್ರ "ಹೋದ ವರ್ಷದ್ದಕ್ಕಿಂತ ಹುಳಿ" ಎಂದು ಹೇಳಿ ಪೆಟ್ಟು ತಿಂದವರು. ಬಿ.ಕಾಂ. ಮುಗಿಸಿ, ತಾಳೆ ಎಣ್ಣೆಯ ಕಂಪನಿಯೊಂದರ ಲೆಕ್ಕಪತ್ರದ ಕೆಲಸಕ್ಕೆಂದು ಕೌಲಾಲಂಪುರಕ್ಕೆ ಬಂದರು, ಇಲ್ಲೇ ನಿಂತರು. ಬಂದ ಕೆಲವು ವರ್ಷಕ್ಕೆ ಕಂಪನಿಯ ಊಟವೊಂದರಲ್ಲಿ ಇಟಲಿಯ ಎಂಜಿನಿಯರೊಬ್ಬ ಅವರಿಗೆ ಒಂದು ಗ್ಲಾಸು ಕೆಂಪು ವೈನ್ ಕೊಟ್ಟನಂತೆ. ಬಾಯಿಗಿಟ್ಟರೆ ಪುನರ್ಪುಳಿ! ಊರಿನಲ್ಲಿ ಬೇಸಿಗೆಗೆ ಶರಬತ್ತು ಮಾಡುವ ಅದೇ ಪುನರ್ಪುಳಿಯ ಹುಳಿ, ಎಲ್ಲಿಂದಲೋ ಬಂದ ಬಾಟಲಿಯಲ್ಲಿ. ಅದರ ಹೆಸರು ಬಾರ್ಬೆರಾ. ಅಲ್ಲಿಂದ ಶುರುವಾದದ್ದು.

"ನನ್ನ ಕೈಗೆ ಒಂದು ಸೀರೆ ತಂದು ಕೊಟ್ಟವರಲ್ಲ, ಬಾರ್ಬೆರಾಗೆ ಮಾತ್ರ ಸ್ಪೆಷಲ್ ಗ್ಲಾಸು ತಂದರು" ಎಂದು ಟ್ರೀಸಾ ಈ ಕತೆಗೆ ಪ್ರತಿಸಲವೂ ಒಂದು ಬಾಲ ಕಟ್ಟುತ್ತಿದ್ದರು.

ನಿವೃತ್ತಿಯಾದ ಮೇಲೆ ಆಲ್ಫ್ರೆಡರ ಈ ಹುಚ್ಚಿಗೆ ಒಂದು ದಾರಿ ಸಿಕ್ಕಿತು. ಬಂಟ್ವಾಳದ ಕಡೆಯ ಹುಡುಗಿ ಜೇನ್, ಆಫೀಸಿನ ಕೆಲಸ ಬಿಟ್ಟು ಪಕ್ಕದ ಬಾಂಗ್ಸಾರ್‌ನಲ್ಲಿ ಸಣ್ಣ ವೈನ್ ಅಂಗಡಿ ತೆರೆದಿದ್ದಳು. ಇಟಲಿಯ ಬೆಟ್ಟಸೀಮೆಯ ಒಂದೇ ಒಂದು ಮನೆತನದ ವೈನರಿಯಿಂದ ಅವಳು ಕೆಂಪು ವೈನ್ ತರಿಸುವುದು. ಐದು ಬಗೆ: ಡಾಲ್ಚೆಟ್ಟೊ, ಬಾರ್ಬೆರಾ, ನೆಬ್ಬಿಯೋಲೊ, ಬಾರ್ಬರೆಸ್ಕೊ, ಬರೋಲೊ. ಪ್ರತಿ ವರ್ಷದ ಹೊಸ ಸರಕು ಬಂದಾಗಲೂ ಆಲ್ಫ್ರೆಡ್ ಐದನ್ನೂ ರುಚಿ ನೋಡಿ ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು, ಎರಡು ಸಾಲು ಬರೆಯಬೇಕು. ಆ ಕಾರ್ಡನ್ನು ಜೇನ್ ಬಾಟಲಿಯ ಕೆಳಗೆ ಅಂಟಿಸುತ್ತಿದ್ದಳು. ಡಾಲ್ಚೆಟ್ಟೊ ನೇರಳೆ ಹಣ್ಣು ತಿಂದ ನಾಲಿಗೆ, ಬರೋಲೊದ ಒಗರು ಗೇರುಹಣ್ಣಿನದು ಆದರೆ ಬೇಗ ಬಿಡುವುದಿಲ್ಲ, ಹೀಗೆ. ಗೇರುಹಣ್ಣು ಕಂಡೇ ಇರದ ಚೀನೀ ಗಿರಾಕಿಗಳೂ ಆ ಕಾರ್ಡು ಓದಿ, ತಲೆದೂಗಿ, ಬಾಟಲಿ ಒಯ್ಯುತ್ತಿದ್ದರಂತೆ. ಆಲ್ಫ್ರೆಡ್ ಅದಕ್ಕೆ ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ಬಾಟಲಿಗಳನ್ನು ಮನೆಗೆ ತರುವಾಗ ಲಿಫ್ಟ್‌ನಲ್ಲಿ ಮುಸ್ಲಿಮರಾದ ಮಲಯ ನೆರೆಯವರಿಗೆ ಇರಿಸುಮುರಿಸಾಗಬಾರದೆಂದು ಪೆಟ್ಟಿಗೆಗೆ ಒಂದು ದುಪ್ಪಟಿ ಹೊದಿಸಿಕೊಂಡು ಬರುವರು.

ಚಂದ್ರಮ್ಮ ಬಂದು ಮೂರು ತಿಂಗಳಾಗುವಾಗ ಆಲ್ಫ್ರೆಡರಿಗೆ ಜ್ವರ ಹಿಡಿಯಿತು. ಜ್ವರ ವಾರದಲ್ಲಿ ಬಿಟ್ಟಿತು. ಬಿಡುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಟ್ರೀಸಾ ಒಣಮೀನು ಹುರಿಯುತ್ತಿದ್ದಾಗ, ಕಾರಿಡಾರಿನವರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಅಡಿಗೆಮನೆಯ ಬಾಗಿಲಲ್ಲೇ ನಿಂತು "ಇವತ್ತು ಎಂತ ಅಡಿಗೆ ಇಲ್ವಾ?" ಎಂದು ಕೇಳಿದರಂತೆ. ಟ್ರೀಸಾ ಆವತ್ತು ಮಾತ್ರ ನಗಲಿಲ್ಲ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಮೇಣದಬತ್ತಿ ಹಚ್ಚಿ ಬಂದರು. ಚಂದ್ರಮ್ಮ ಓಮವನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಲು ಕೊಟ್ಟರು. ಡಾಕ್ಟರು ಹೇಳಿದ ಪ್ರಕಾರ ಆಲ್ಫ್ರೆಡ್ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಲವಂಗ, ನಿಂಬೆ ಸಿಪ್ಪೆ, ಗುಲಾಬಿ ಪಕಳೆ ಒಂದೊಂದಾಗಿ ಮೂಗಿಗೆ ಹಿಡಿದು ಕೂರುವರು.

ನಿಧಾನವಾಗಿ ವಾಸನೆ ಬಂತು, ಆದರೆ ಸೊಟ್ಟಗೆ ಬಂತು. ಕಾಫಿಗೆ ಸುಟ್ಟ ರಬ್ಬರಿನ ವಾಸನೆ, ಮಲ್ಲಿಗೆಗೆ ಸೀಮೆಎಣ್ಣೆಯದು. ಇನ್ನಷ್ಟು ತಿಂಗಳು ಕಳೆದವು, ಕಾಫಿ ಮತ್ತೆ ಕಾಫಿಯಾಯಿತು. ಆದರೂ ಅವರು ಮೊದಲಿನಂತಿರಲಿಲ್ಲ. ಒಂದು ಮಧ್ಯಾಹ್ನ ಟ್ರೀಸಾ ಅಂಗಡಿಗೆ ಹೋಗಿದ್ದಾಗ ಚಂದ್ರಮ್ಮನ ಹತ್ತಿರ ಹೇಳಿಕೊಂಡರು.

"ಹೋದ ಸಲದ ಕಾರ್ಡು ಬರೆದೆ ಅಮ್ಮ. ಆದರೆ ಬಾಟಲಿ ಮೇಲೆ ಬರೋಲೊ ಅಂತ ಓದಿದ ಕೂಡಲೇ ನನಗೆ ಗುಲಾಬಿ ವಾಸನೆ ಬರ್ತದೆ. ಅದು ಗ್ಲಾಸಿನಿಂದ ಬಂದದ್ದಾ, ನೆನಪಿನಿಂದ ಬಂದದ್ದಾ, ಗೊತ್ತಾಗುದಿಲ್ಲ. ಜನ ನನ್ನನ್ನು ನಂಬಿ ತಗೊಳ್ತಾರೆ. ಮೂಗು ಇಲ್ಲದವ ಅಂಕ ಕೊಟ್ಟರೆ ಅದು ಮೋಸ ಅಲ್ವಾ?"

"ಹಂಗಾದ್ರೆ ಬಾಟ್ಲಿ ನೋಡ್ಬೇಡಪ್ಪ" ಎಂದರು ಚಂದ್ರಮ್ಮ.

"ಅದಕ್ಕೇ ನಿಮ್ಮ ಹತ್ರ ಬಂದದ್ದು."

ಅವರು ಯೋಚನೆ ಮಾಡಿಟ್ಟಿದ್ದರು. ಐದು ಬಾಟಲಿ, ಆರು ಗ್ಲಾಸು. ಬಾಟಲಿಗಳಿಗೆ ಬಟ್ಟೆ ಸುತ್ತಿ ಚಂದ್ರಮ್ಮನೇ ಸುರಿಯಬೇಕು. ಯಾವುದಾದರೂ ಒಂದು ಬಾಟಲಿಯಿಂದ ಎರಡು ಗ್ಲಾಸಿಗೆ ಸುರಿಯಬೇಕು, ಯಾವುದರಿಂದ ಎಂದು ಅವರೊಬ್ಬರಿಗೇ ಗೊತ್ತಿರಬೇಕು. ಒಂದೇ ವೈನ್ ಇರುವ ಆ ಎರಡು ಗ್ಲಾಸನ್ನು ಗುರುತಿಸಿದರೆ ಆಲ್ಫ್ರೆಡ್ ಈ ವರ್ಷವೂ ಅಂಕ ಕೊಡುತ್ತಾರೆ. ಗುರುತಿಸಲಾಗದಿದ್ದರೆ ಇನ್ನು ಮುಂದೆ ನೀನೇ ನೋಡಿಕೋ ಎಂದು ಜೇನ್‌ಗೆ ಹೇಳಿಬಿಡುತ್ತಾರೆ.

"ಟ್ರೀಸಾ ಸುರೀಬಹುದಲ್ಲ?"

"ಅವಳ ಮುಖ ಓದಿ ಓದಿ ನನಗೆ ಮೂವತ್ತು ವರ್ಷದ ಅಭ್ಯಾಸ ಉಂಟು. ನಿಮಗೆ ಆ ಬಾಟಲಿ ಮೇಲಿನ ಅಕ್ಷರ ಬರುದಿಲ್ಲ. ಬರೋಲೊ ಯಾವುದು, ಡಾಲ್ಚೆಟ್ಟೊ ಯಾವುದು, ನಿಮಗೆ ಗೊತ್ತೇ ಆಗುದಿಲ್ಲ."

"ನಂಗೆ ಕನ್ನಡದ ಅಕ್ಷರಾನೇ ಕೂಡಿಸಿ ಕೂಡಿಸಿ ಓದ್ಬೇಕು ಕಣಪ್ಪ. ಇನ್ನ ಅವೆಲ್ಲ ನಂಗೊಂದೇ, ಎಲ್ಲಾ ಹೆಂಡಾನೇ."

"ಅಷ್ಟು ನಿಷ್ಪಕ್ಷಪಾತದವರು ನನಗೆ ಇಡೀ ಕೆ.ಎಲ್.ನಲ್ಲಿ ಸಿಕ್ಕುದಿಲ್ಲ" ಎಂದರು ಆಲ್ಫ್ರೆಡ್.

ಚಂದ್ರಮ್ಮ ಐದು ಬಣ್ಣದ ರವಿಕೆ ಕಣದಲ್ಲಿ ಐದು ಚೀಲ ಹೊಲಿದರು. ಕತ್ತಿನ ತನಕ ಬರುವಂತೆ, ತುದಿಗೆ ಲಾಡಿ ಹಾಕಿ, ಬಾಟಲಿಗೆ ಅಂಗಿ ತೊಡಿಸಿದ ಹಾಗೆ. ಜೇನ್ ಬಾಟಲಿಗಳನ್ನು ಕಳಿಸಿದಳು. ಬುಧವಾರ ಮಧ್ಯಾಹ್ನ ಎಂದು ನಿಶ್ಚಯವಾಯಿತು.

ಈ ಊರಿನ ಸೆಕೆಯಲ್ಲಿ ಕೆಂಪು ವೈನನ್ನು ಹಾಗೇ ಇಟ್ಟರೆ ಬರೀ ಸ್ಪಿರಿಟ್ಟಿನ ಘಾಟು ಹೊಡೆಯುತ್ತದೆ, ಹಾಗಾಗಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ಇದನ್ನು ಆಲ್ಫ್ರೆಡ್ ಹೇಳಿದ್ದರು, ಟ್ರೀಸಾ ಹಾಗೆಯೇ ಬಿರಡೆ ತೆಗೆದು ಫ್ರಿಜ್ಜಿನಲ್ಲಿಟ್ಟು ಕೋಣೆಗೆ ಹೋಗಿದ್ದರು. ಚಂದ್ರಮ್ಮ ಬಾಟಲಿ ಹೊರಗೆ ತೆಗೆದರು. ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಆಚೆ ಕೋಣೆಯಿಂದ ಆಲ್ಫ್ರೆಡ್ ಸೀನಿದ್ದು ಕೇಳಿಸಿತು. ಬೆಳಿಗ್ಗೆ ಲವಂಗ ಮೂಸುವಾಗಲೂ ಅವರು ಸೀನಿದ್ದರು. ಎಂಥಾ ಕಾಯಿಲೆಯಿಂದ ಎದ್ದು ಬಂದ ಮನುಷ್ಯ, ಶೀತ ಬೇರೆ, ಇಷ್ಟು ತಣ್ಣಗಿರುವುದನ್ನು ಕೈಯಾರೆ ಕೊಡುವುದುಂಟೆ? ಚಂದ್ರಮ್ಮ ಬಕೆಟ್ಟಿಗೆ ಗೀಸರಿನ ನೀರು ಬಿಟ್ಟು, ಮೊಣಕೈ ಅದ್ದಿ ಹದ ನೋಡಿ, ಮಕ್ಕಳ ಹಾಲಿನ ಬಾಟಲಿ ಇಡುವ ಹಾಗೆ ಐದನ್ನೂ ಅದರಲ್ಲಿಟ್ಟರು. ಒಂದಿಷ್ಟು ಹೊತ್ತಾದ ಮೇಲೆ ಒರೆಸಿ, ಚೀಲ ತೊಡಿಸಿ, ಆರು ಗ್ಲಾಸಿಗೂ ಹನಿ ಹೆಚ್ಚುಕಡಿಮೆ ಇಲ್ಲದೆ ಸುರಿದರು.

ಆಲ್ಫ್ರೆಡ್ ಮೂಸಿದರು, ಬಾಯಿಗಿಟ್ಟರು, ಉಗಿದರು. ಒಂದೊಂದು ಗ್ಲಾಸಿಗೂ ಅವರ ಮುಖ ಸಣ್ಣದಾಗುತ್ತಾ ಬಂತು. ಕೊನೆಗೆ ಮೂರನೆಯದೂ ಆರನೆಯದೂ ಒಂದೇ ಎಂದರು. ಚಂದ್ರಮ್ಮ ಒಂದೇ ಬಾಟಲಿಯಿಂದ ಸುರಿದದ್ದು ಮೊದಲನೆಯದಕ್ಕೂ ನಾಲ್ಕನೆಯದಕ್ಕೂ. ಅಲ್ಲ ಎಂದು ಹೇಳಬೇಕಾಯಿತು.

"ಸರಿ" ಎಂದರು ಆಲ್ಫ್ರೆಡ್. "ಎಲ್ಲದಕ್ಕೂ ಒಂದೇ ವಾಸನೆ. ಇನ್ನು ಸಾಕು." ಫೋನು ತೆಗೆದು ಜೇನ್‌ಗೆ ಹೇಳಿಯೂ ಬಿಟ್ಟರು.

ಮಾರನೆಯ ಬೆಳಿಗ್ಗೆ ಟ್ರೀಸಾ ಚಂದ್ರಮ್ಮನ ಮನೆಗೆ ಬಂದು ಊಟದ ಮೇಜಿನ ಎದುರು ಕೂತರು. ಸಾಮಾನೆಲ್ಲ ರಟ್ಟಿನ ಪೆಟ್ಟಿಗೆ ಸೇರುತ್ತಿತ್ತು. ಅಳಿಯ ದಾಮೋದರನಿಗೆ ಪೆನಾಂಗಿನ ಬಯಾನ್ ಲೆಪಾಸ್‌ನ ಕಾರ್ಖಾನೆಗೆ ವರ್ಗವಾಗಿತ್ತು, ಭಾನುವಾರ ಲಾರಿ ಬರುವುದಿತ್ತು.

"ಇವರು ಗ್ಲಾಸುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಮೇಲಿಟ್ಟರಮ್ಮ. ಉಳಿದ ವೈನು ಎಂತ ಮಾಡುವುದು ಕೇಳಿದ್ರೆ, ನಿನಗೆ ಬೇಕಾದ್ದು ಮಾಡು ಅಂದರು. ನಾನು ಐದು ಬಾಟಲಿದೂ ಹಂದಿ ಸಾರಿಗೆ ಹಾಕಿದೆ. ಇಷ್ಟು ಓದಿದ ಹಂದಿ ನಮ್ಮ ಮನೆಯಲ್ಲಿ ಬೆಂದದ್ದೇ ಇಲ್ಲ. ನಿಮಗೆ ಕೊಡುವ ಹಾಗೂ ಇಲ್ಲ!" ನಗಿಸಲು ನೋಡಿದರೇ ಹೊರತು ತಾವೇ ನಗಲಿಲ್ಲ. "ಇವರು ರಾತ್ರಿ ಇಡೀ ಒಂದೇ ಮಾತು. ಕಷಾಯ ಕುಡಿದ ಹಾಗಿತ್ತು, ಬಿಸಿಬಿಸಿ ಘಾಟು, ಬೇರೆ ಎಂತದ್ದೂ ಇಲ್ಲ, ಮೂಗಿನ ಜತೆ ನಾಲಿಗೆಯೂ ಕೆಟ್ಟಿತು ಅಂತ."

"ಬಿಸಿ ಇರ್ದೇ ಏನು" ಎಂದರು ಚಂದ್ರಮ್ಮ. "ನಾನೇ ಬಿಸಿನೀರಲ್ಲಿ ಇಟ್ಟಿದ್ನಲ್ಲ."

ಟ್ರೀಸಾ ಎದ್ದು ನಿಂತರು. "ಎಂತದು?"

"ಶೀತ ಆದೋರಿಗೆ ಫ್ರಿಜ್ಜಿಂದು ಕೊಡ್ತಾರೇನಮ್ಮ? ಮೊಣಕೈ ಹಾಕಿ ನೋಡಿದ್ದೀನಿ, ಸುಡೋಷ್ಟೇನೂ ಇರ್ಲಿಲ್ಲ."

ಟ್ರೀಸಾ ಅವರ ಕೈ ಹಿಡಿದು ಎಳೆದುಕೊಂಡೇ ಹೋಗಿ ಗಂಡನ ಮುಂದೆ ನಿಲ್ಲಿಸಿದರು. "ಕೇಳಿ, ಇವರು ಎಂತ ಮಾಡಿದ್ದಾರೆ ಕೇಳಿ!"

ಆಲ್ಫ್ರೆಡ್ ಕೇಳಿದರು. ಎರಡು ಸಲ ಕೇಳಿದರು. "ಅಮ್ಮ, ಬರೋಲೊಗೆ ಅಭ್ಯಂಜನ ಮಾಡಿಸಿದಿರಾ?"

"ನಂಗೇನ್ ಗೊತ್ತಪ್ಪ ಅದಕ್ಕೆ ಆಗಿಬರಲ್ಲ ಅಂತ. ಮನುಷ್ಯರಿಗೆ ಒಳ್ಳೇದು."

ಅವತ್ತು ಆ ಮನೆಯಲ್ಲಿ ನಕ್ಕ ನಗೆಗೆ ಮೇಲಿನ ಮನೆಯವರು ಬಾಲ್ಕನಿಗೆ ಬಂದು ಬಗ್ಗಿ ನೋಡಿದರು. ಆದರೆ ನಗು ನಿಂತ ಮೇಲೆ ಆಲ್ಫ್ರೆಡ್ ಗಲ್ಲ ಕೆರೆದುಕೊಂಡರು. "ಬಿಸಿ ಆದದ್ದು ಹೌದು. ಆದರೆ ನನಗೆ ತಿಳಿಯದೆ ಹೋದದ್ದು ಬಿಸಿಯಿಂದಲಾ, ಮೂಗಿನಿಂದಲಾ? ನೆಪ ಸಿಕ್ಕಿತು ಅಂತ ಮೂಗು ಸರಿ ಅಂದುಕೊಂಡರೆ ಆಗುದಿಲ್ಲ."

"ಹಾಗಾದ್ರೆ ಇನ್ನೊಂದ್ಸಲ ನೋಡು. ನಾನು ಭಾನುವಾರ ಹೊರಟ್ ಹೋಗ್ತೀನಿ, ಆಮೇಲೆ ಯಾರು ಸುರೀತಾರೆ?"

ಜೇನ್‌ಗೆ ಫೋನು ಹೋಯಿತು. ಶನಿವಾರ ಸಂಜೆಯೊಳಗೆ ಅವಳಿಗೆ ಕಾರ್ಡು ಬೇಕಿತ್ತು. ಶನಿವಾರ ಬೆಳಿಗ್ಗೆ ಅವಳೇ ಹೊಸ ಬಾಟಲಿಗಳನ್ನು ಹೊತ್ತು ತಂದಳು. "ಅಂಕಲ್, ನಾನಂತೂ ಆ ಐದಕ್ಕೂ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟುಬಿಡ್ತೇನೆ, ನನ್ನ ಅಂಗಡಿ ಅಲ್ವಾ. ಅದಕ್ಕೇ ನೀವೇ ಬೇಕು ಲಾ" ಎಂದು ಮಲೇಷ್ಯಾದವರ ಹಾಗೆ ರಾಗ ಎಳೆದು ಹೇಳಿ, ಬಾಟಲಿಗಳನ್ನು ತಾನೇ ಫ್ರಿಜ್ಜಿಗಿಟ್ಟು, ಚಂದ್ರಮ್ಮನ ಕಡೆ ತಿರುಗಿ ಕೈಮುಗಿದಳು. "ಆಂಟಿ, ಇವತ್ತು ಯಾರಿಗೂ ಸ್ನಾನ ಬೇಡ."

ಅರ್ಧ ಗಂಟೆ ಬಿಟ್ಟು ಟ್ರೀಸಾ ಬಿರಡೆ ತೆಗೆದು ಆಚೆ ಹೋದರು. ಜೇನ್ ಬಾಲ್ಕನಿಯಲ್ಲಿ ನಿಂತಳು. ಚಂದ್ರಮ್ಮ ಚೀಲ ತೊಡಿಸಿ, ಬಾಟಲಿಗಳ ಜಾಗ ಅದಲುಬದಲು ಮಾಡಿ, ಒಂದೊಂದಾಗಿ ಸುರಿದರು. ಹಸಿರು ಚೀಲದ ಬಾಟಲಿಯಿಂದ ಎರಡನೆಯ ಗ್ಲಾಸಿಗೆ ಸುರಿದರು, ಅದೇ ಹಸಿರು ಚೀಲದಿಂದ ಐದನೆಯ ಗ್ಲಾಸಿಗೂ ಸುರಿದರು. ಗ್ಲಾಸಿನ ಹೊರಮೈ ಒರೆಸಿ, ಸಾಲಾಗಿಟ್ಟು, ತಮ್ಮ ಮುಖದಿಂದ ಏನೂ ಸೋರಬಾರದೆಂದು ಗೋಡೆಗೆ ಮುಖ ಮಾಡಿ ತೊಗರಿಬೇಳೆ ಆರಿಸುತ್ತಾ ಕೂತರು. "ಬಾರಪ್ಪ" ಎಂದು ಕೂಗಿದರು.

ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಆಲ್ಫ್ರೆಡ್ ಗ್ಲಾಸು ಎತ್ತಿ ತಿರುಗಿಸುವ, ಮೂಸುವ, ಚೊಂಬಿಗೆ ಉಗಿಯುವ ಸದ್ದು ಒಂದಾದ ಮೇಲೊಂದು ಬಂತು. ಮೊದಲನೆಯದಕ್ಕೆ ಅವರು ತಡಮಾಡಲಿಲ್ಲ. "ಪುನರ್ಪುಳಿ" ಎಂದು ತಮಗೆ ತಾವೇ ಹೇಳಿಕೊಂಡರು, ದನಿಯಲ್ಲಿ ನಗುವಿತ್ತು. ಗಂಡನ ಹಿಂದೆಯೇ ಬಂದಿದ್ದ ಟ್ರೀಸಾ ಉಸಿರು ಬಿಟ್ಟದ್ದು ಚಂದ್ರಮ್ಮನಿಗೆ ಕೇಳಿಸಿತು. ಮೂರನೆಯದಕ್ಕೆ "ನೇರಳೆ" ಎಂದರು.

ಉಳಿದದ್ದು ನಾಲ್ಕು ಗ್ಲಾಸು, ಮೂರು ವೈನು. ಆ ಮೂರೂ ಒಂದೇ ಜಾತಿಯ ದ್ರಾಕ್ಷಿಯವು, ಒಡಹುಟ್ಟಿದವರ ಹಾಗೆ, ಕಣ್ಣು ಒಬ್ಬರದು ಮೂಗು ಒಬ್ಬರದು ಎನ್ನುವಷ್ಟು ಮಾತ್ರ ವ್ಯತ್ಯಾಸ ಎಂದು ಆಲ್ಫ್ರೆಡ್ ಹಿಂದೆ ಯಾವಾಗಲೋ ಹೇಳಿದ್ದು ಚಂದ್ರಮ್ಮನಿಗೆ ಈಗ ನೆನಪಾಯಿತು. ಹಸಿರು ಚೀಲದೊಳಗೆ ಆ ಮೂರರಲ್ಲಿ ಒಂದು ಸೇರಿಕೊಂಡಿದೆ ಎಂದು ಮೊದಲೇ ಗೊತ್ತಿದ್ದರೆ ಅವರು ಇನ್ನೊಂದು ಬಾಟಲಿ ಎತ್ತಿಕೊಳ್ಳುತ್ತಿದ್ದರೋ ಏನೋ. ಈಗ ಬೇಳೆಯಲ್ಲಿ ಕಲ್ಲೂ ಇರಲಿಲ್ಲ, ಆದರೂ ಆರಿಸುತ್ತಲೇ ಇದ್ದರು.

ಆಲ್ಫ್ರೆಡ್ ಎರಡನೆಯ ಗ್ಲಾಸು ಎತ್ತಿದರು, ಇಟ್ಟರು. ನಾಲ್ಕನೆಯದು ಎತ್ತಿದರು. ಮತ್ತೆ ಎರಡನೆಯದು. ಎದ್ದು ಬಾಲ್ಕನಿಗೆ ಹೋಗಿ, ಕೆಳಗೆ ಹೂ ಕಟ್ಟುವವರ ಬೀದಿಯ ಗಾಳಿ ಎಳೆದುಕೊಂಡು ಬಂದರು. ನೀರು ಮುಕ್ಕಳಿಸಿದರು.

"ಅವಸರ ಇಲ್ಲ" ಎಂದರು ಟ್ರೀಸಾ ಮೆಲ್ಲಗೆ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಚಂದ್ರಮ್ಮ ಕೇಳಿರಲಿಲ್ಲ.

"ಆರನೆಯದಕ್ಕೆ ಡಾಂಬರಿನ ವಾಸನೆ ಉಂಟು, ಬರೋಲೊದ್ದೇ, ಅದು ಬೇರೆ" ಎಂದು ಆಲ್ಫ್ರೆಡ್ ಆ ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. ಮೇಜಿನ ಮೇಲೆ ಮೂರು ಗ್ಲಾಸು ಉಳಿಯಿತು. ಬಹಳ ಹೊತ್ತು ಅವರು ಒಂದನ್ನೂ ಬಾಯಿಗಿಡಲಿಲ್ಲ, ಬರೀ ಮೂಸಿದರು, ಕಣ್ಣು ಮುಚ್ಚಿಕೊಂಡು, ಎಡಗೈಯದೊಂದು, ಬಲಗೈಯದೊಂದು. ಆಮೇಲೆ ನಾಲ್ಕನೆಯದನ್ನೂ ಸರಿಸಿದರು.

ಸ್ಟೂಲು ಎಳೆದುಕೊಂಡು ಬಂದು ಚಂದ್ರಮ್ಮನ ಪಕ್ಕದಲ್ಲಿ, ಅವರ ಹಾಗೆಯೇ ಗೋಡೆಗೆ ಮುಖ ಮಾಡಿ ಕೂತರು. ಮೊರದಿಂದ ಒಂದು ಬೇಳೆ ಎತ್ತಿಕೊಂಡು ಬೆರಳಲ್ಲಿ ಉರುಳಿಸಿದರು. ಬಾಲ್ಕನಿಯಿಂದ ಜೇನ್ ಒಳಗೆ ಕತ್ತು ಚಾಚಿದಳು.

"ಅಮ್ಮ" ಎಂದರು, "ಎರಡನೇದು, ಐದನೇದು. ಒಂದೇ ಬಾಟಲಿದಲ್ವಾ?"